ತೋಜಾಯ್ ಮಾರ್ಗ: ನಿಶಿಕಸಾಯ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಟೋಕಿಯೊದ ಎದೊಗಾವಾ ವಾರ್ಡಿನ ನಿಶಿಕಸಾಯ್‌ನಲ್ಲಿ ಮನೆ ಹಿಡಿದರೆ ನಿಮ್ಮ ದಿನ ತೋಜಾಯ್ ಎಂಬ ಮೆಟ್ರೊ ಮಾರ್ಗದ ರೈಲಿನಿಂದಲೇ ಶುರುವಾಗುತ್ತದೆ. ನಕಾನೊದಿಂದ ನಿಶಿಫುನಬಾಶಿವರೆಗೆ 30.8 ಕಿಲೋಮೀಟರ್, 23 ನಿಲ್ದಾಣ. ನಿಶಿಕಸಾಯ್ ಸಂಖ್ಯೆ ಟಿ 16. ಜಪಾನಿ ಓದಲು ಬಾರದಿದ್ದರೂ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿದರೆ ದಿಕ್ಕು ತಿಳಿಯುತ್ತದೆ.

ಮನೆಗೆ ಮರಳುವಾಗ ನಗರಮಧ್ಯದ ಓತೆಮಾಚಿ ನಿಲ್ದಾಣದಲ್ಲಿ ಬಂದ ರೈಲನ್ನೆಲ್ಲ ಹತ್ತಬೇಡಿ. ‘ಕೈಸೊಕು’ ಎಂಬ ವೇಗದ ರೈಲು ತೋಯೋಚೋ ಬಿಟ್ಟರೆ ಉರಾಯಾಸುವಿನಲ್ಲೇ ನಿಲ್ಲುವುದು. ನಿಶಿಕಸಾಯ್, ಕಸಾಯ್ ಎರಡೂ ಕಿಟಕಿಯಾಚೆ ಸರಿದುಹೋಗುತ್ತವೆ. ಗಾಬರಿ ಬೇಡ, ಉರಾಯಾಸುವಿನಲ್ಲಿ ಇಳಿದು ನಕಾನೊ ಕಡೆಯ ಸಾಮಾನ್ಯ ರೈಲು ಹಿಡಿದರೆ ಎರಡನೆಯ ನಿಲ್ದಾಣವೇ ನಮ್ಮದು. ಬೆಳಗಿನ ‘ತ್ಸೂಕಿನ್ ಕೈಸೊಕು’ ಬೇರೆ, ಅದು ನಕಾನೊ ಕಡೆ ಹೋಗುವಾಗ ಉರಾಯಾಸುವಿನಿಂದ ಮುಂದೆ ಎಲ್ಲ ಕಡೆ ನಿಲ್ಲುತ್ತದೆ.

2019ರಲ್ಲಿ ಇದೇ ಮಾರ್ಗದ ಕಿಬಾ ಮತ್ತು ಮೊನ್‌ಜೆನ್‌ನಕಾಚೋ ನಡುವೆ ಬೆಳಗಿನ ದಟ್ಟಣೆ ಸಾಮರ್ಥ್ಯದ 199 ಪ್ರತಿಶತ ಇತ್ತು. ಕಚೇರಿ ಒಪ್ಪಿದರೆ ಏಳಕ್ಕೆ ಮೊದಲೇ ಹೊರಡಿ. ಬೆನ್ನಚೀಲವನ್ನು ಎದೆಗೆ ತಂದುಕೊಳ್ಳಿ. ಕೆಲಸದ ದಿನಗಳ ಬೆಳಿಗ್ಗೆ ಮಹಿಳೆಯರಿಗೆ ಮೀಸಲಾದ ಬೋಗಿಯೂ ಇರುತ್ತದೆ, ಪ್ಲಾಟ್‌ಫಾರಂ ಮೇಲಿನ ಗುಲಾಬಿ ಗುರುತು ನೋಡಿ ನಿಲ್ಲಿ.

ರೈಲು ಬದಲಿಸುವುದರಲ್ಲಿ ಹಣದ ಲೆಕ್ಕವಿದೆ. ಟೋಕಿಯೊ ಮೆಟ್ರೊ ಒಂದು ಸಂಸ್ಥೆ, ತೋಏಯ್ ಇನ್ನೊಂದು. ಒಂದರಿಂದ ಇನ್ನೊಂದಕ್ಕೆ ಹೋದರೆ ಸ್ವಲ್ಪ ರಿಯಾಯಿತಿ ಕಳೆದು ಎರಡೂ ದರ ಕೂಡುತ್ತದೆ. ತೋಜಾಯ್ ಮಾರ್ಗದ ಕುದಾನ್‌ಶಿತಾ ನಿಲ್ದಾಣದಲ್ಲಿ ಮೆಟ್ರೊದ ಹಂಜೋಮೋನ್ ಮತ್ತು ತೋಏಯ್‌ನ ಶಿಂಜುಕು ಮಾರ್ಗಗಳ ಪ್ಲಾಟ್‌ಫಾರಂ ನಡುವಿನ ಗೋಡೆಯನ್ನು 2013ರಲ್ಲಿ ಕೆಡವಿದರು. ನಡುವೆ ಗೇಟ್ ಇಲ್ಲವೆಂದು ಒಂದೇ ದರ ಎಂದುಕೊಳ್ಳಬೇಡಿ. ಶಿಬುಯಾಗೆ ಹೋಗುವವರಿಗೆ ಹಂಜೋಮೋನ್ ಮಾರ್ಗ ಹಿಡಿಯಲು ನಾನು ಓತೆಮಾಚಿಗಿಂತ ಇದೇ ನಿಲ್ದಾಣವನ್ನು ಹೇಳುತ್ತೇನೆ. ಓತೆಮಾಚಿಯಲ್ಲಿ ಐದು ಮಾರ್ಗಗಳು ಕೂಡುತ್ತವೆ, ಹೊಸಬರಿಗೆ ದಿಕ್ಕೇ ತೋಚುವುದಿಲ್ಲ. ರೊಪ್ಪೊಂಗಿಗೆ ಕಯಾಬಾಚೋದಲ್ಲಿ ಹಿಬಿಯಾ ಮಾರ್ಗ. ಊರಿನಿಂದ ಅಪ್ಪ ಅಮ್ಮ ಬಂದಾಗ ನಿಹೊಂಬಾಶಿಯನ್ನು ನೆನಪಿಡಿ: ಅಲ್ಲಿಂದ ಅಸಾಕುಸಾ ಮಾರ್ಗದ ಕೆಲವು ರೈಲುಗಳು ನೇರವಾಗಿ ನರಿತಾ ವಿಮಾನ ನಿಲ್ದಾಣಕ್ಕೂ ಹನೆದಾ ವಿಮಾನ ನಿಲ್ದಾಣಕ್ಕೂ ಹೋಗುತ್ತವೆ.

ತಿಂಗಳ ಪಾಸ್ ಕೊಳ್ಳುವಾಗ ಎಲ್ಲಿ ಬದಲಿಸುತ್ತೀರಿ ಎಂಬುದನ್ನು ಯೋಚಿಸಿ ಬರೆಯಿರಿ. ಪಾಸಿನ ದಾರಿಯಲ್ಲಿರುವ ಯಾವ ನಿಲ್ದಾಣದಲ್ಲೂ ಹಣ ಕೊಡದೆ ಇಳಿಯಬಹುದು. ರಜೆಯ ದಿನಗಳಿಗೂ ಅದು ಒದಗುತ್ತದೆ.

ನಿಶಿಕಸಾಯ್ ಮತ್ತು ಮಿನಾಮಿಸುನಾಮಾಚಿ ನಡುವೆ ರೈಲು ಅರಕಾವಾ ನದಿಯನ್ನು ಸೇತುವೆಯ ಮೇಲೆ ದಾಟುತ್ತದೆ. ಜೋರು ಗಾಳಿ ಬೀಸಿದ ದಿನ ತಡವಾಗುವುದುಂಟು. ಆಗ ನಿಲ್ದಾಣದ ಸಿಬ್ಬಂದಿಯಿಂದ ‘ಚಿಯೆನ್ ಶೋಮೇಶೋ’, ಅಂದರೆ ವಿಳಂಬದ ಪ್ರಮಾಣಪತ್ರ, ಪಡೆದು ಕಚೇರಿಗೆ ಕೊಡಿ. ಮೆಟ್ರೊ ಜಾಲತಾಣದಲ್ಲೂ ಅದು ಸಿಗುತ್ತದೆ.