‘ಸೈಕಲ್‌ನಿಂದ ಬಿದ್ದೆ’ ಅಂತ ಹೇಳಬೇಡಿ

ಜೆ.ಪಿ. ನಗರದ ಒಂದು ಒಳರಸ್ತೆ, ಬೆಳಗ್ಗೆ ಆರೂವರೆ. ನಾನು ಎಡಬದಿಯಲ್ಲಿ ನೇರವಾಗಿ ಹೋಗುತ್ತಿದ್ದೆ. ಹಿಂದಿನಿಂದ ಬಂದ ಬಿಳಿ ಕಾರು ನನ್ನನ್ನು ಅರ್ಧ ದಾಟಿ, ಇಂಡಿಕೇಟರ್ ಹಾಕದೆ ಎಡಕ್ಕೆ ತಿರುಗಿಬಿಟ್ಟಿತು. ಹ್ಯಾಂಡಲ್‌ಗೆ ತಗುಲಿದ್ದು ಗೊತ್ತಾಯಿತು. ಆಮೇಲೆ ಗೊತ್ತಾಗಿದ್ದು ನಾನು ಡಾಂಬರಿನ ಮೇಲೆ ಇದ್ದೇನೆ ಅನ್ನುವುದು.

ಎದ್ದ ತಕ್ಷಣ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಕಾರಿನವನಿಗೆ ಸಮಾಧಾನ ಹೇಳಿದ್ದು. ‘ಪರವಾಗಿಲ್ಲ, ಏನೂ ಆಗಿಲ್ಲ.’ ಅವನು ಇಳಿದು ಬಂದು ‘ಸಾರಿ ಸಾರ್, ನೋಡಲಿಲ್ಲ’ ಅಂದ, ಎರಡು ಸಾವಿರ ಕೊಡಲು ಬಂದ. ನಾನು ಬೇಡ ಅಂದೆ. ಅವನ ಹೆಸರು ಕೇಳಲಿಲ್ಲ, ಫೋನ್ ನಂಬರ್ ಕೇಳಲಿಲ್ಲ. ಹೊರಟುಹೋದ.

ಎಳನೀರಿನವನು ಮಾತ್ರ ನನಗಿಂತ ಬುದ್ಧಿವಂತ. ಮಚ್ಚಿನ ತುದಿಯಿಂದ ಒಂದು ಹಸಿರು ಎಳನೀರಿನ ಮೇಲೆ ಕಾರಿನ ನಂಬರ್ ಗೀಚಿಟ್ಟಿದ್ದ. ‘ನಿಮ್ ಫೋನ್ ಒಡೆದೋಗಿದೆ ಸಾರ್, ಇದನ್ನೇ ತಗೊಂಡೋಗಿ.’ ಸೈಕಲ್ ತಳ್ಳಿಕೊಂಡು, ಎಳನೀರು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಗಾಬರಿಯಲ್ಲಿ ನೋವು ಗೊತ್ತಾಗುವುದಿಲ್ಲ. ಸ್ನಾನಕ್ಕೆ ಅಂಗಿ ಬಿಚ್ಚಲು ಎಡಗೈ ಎತ್ತಿದಾಗ ಕಣ್ಣು ಕತ್ತಲೆ ಬಂತು.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಕೇಳಿದರು, ‘ಏನಾಯ್ತು?’ ನಾನು, ‘ಸೈಕಲ್‌ನಿಂದ ಬಿದ್ದೆ.’ ಅವರು ಹಾಗೇ ಬರೆಯತೊಡಗಿದರು. ಪಕ್ಕದಲ್ಲಿದ್ದ ನನ್ನ ಹೆಂಡತಿ ತಡೆದಳು. ‘ಬಿದ್ದಿದ್ದಲ್ಲ ಡಾಕ್ಟ್ರೇ, ಕಾರು ಗುದ್ದಿದ್ದು. ನಂಬರ್ ಇದೆ.’ ನನ್ನ ಕಡೆ ತಿರುಗಿ, ‘ಏನ್ರೀ ನೀವು, ಅಪ್ಪನ ಕೇಸು ಮರೆತೋಯ್ತಾ?’

ಮಾವನವರಿಗೆ ಹಿಂದೆ ಒಂದು ಲಾರಿ ತಗುಲಿತ್ತು. ಅವರೂ ಆಸ್ಪತ್ರೆಯಲ್ಲಿ ‘ಸ್ಕೂಟರ್‌ನಿಂದ ಬಿದ್ದೆ’ ಅಂದಿದ್ದರು. ಕೋರ್ಟಿನಲ್ಲಿ ಇನ್ಶೂರೆನ್ಸ್ ಕಂಪನಿಯ ವಕೀಲರು ಹಿಡಿದುಕೊಂಡಿದ್ದು ಆ ಒಂದೇ ಸಾಲನ್ನು. ತಾವೇ ಬಿದ್ದು ಲಾರಿ ಮೇಲೆ ಹಾಕುತ್ತಿದ್ದಾರೆ ಅಂತ. ಆಸ್ಪತ್ರೆಯ ಮೊದಲ ಚೀಟಿಯಲ್ಲಿ ಏನಿದೆ ಅನ್ನುವುದರ ಮೇಲೆ ಎಷ್ಟೋ ಕೇಸು ನಿಲ್ಲುತ್ತದೆ, ಬೀಳುತ್ತದೆ. ಹಾಗಾಗಿ ಯಾವ ಕಾರು, ಎಲ್ಲಿ, ಎಷ್ಟು ಹೊತ್ತಿಗೆ, ಹೇಗೆ ಗುದ್ದಿತು, ಎಲ್ಲ ಹೇಳಿ, ಎಮ್‌ಎಲ್‌ಸಿ (ಮೆಡಿಕೋ-ಲೀಗಲ್ ಕೇಸ್, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು ಅನ್ನುವ ದಾಖಲೆ) ಮಾಡಿ ಅಂತ ಕೇಳಿ. ಹಾಗೆ ಬರೆಸಿದರೆ ಆಸ್ಪತ್ರೆಯಿಂದಲೇ ಪೊಲೀಸರಿಗೆ ತಿಳಿಸುತ್ತಾರೆ. ಎಕ್ಸ್‌ರೇಯಲ್ಲಿ ಕಾಲರ್ ಬೋನ್ ಮುರಿದಿದ್ದು ಕಂಡಿತು. ಆರು ವಾರ ಕೈಗೆ ಜೋಳಿಗೆ.

ಸಂಜೆ ಸಂಚಾರ ಠಾಣೆಗೆ ಹೋದೆ. ‘ಬೆಳಗ್ಗೆ ಆಗಿದ್ದಕ್ಕೆ ಈಗ ಬರ್ತೀರಾ?’ ಅಂದರು. ಆಸ್ಪತ್ರೆಯ ಚೀಟಿ ತೋರಿಸಿದ ಮೇಲೆ ಸುಮ್ಮನಾದರು. ಅಷ್ಟರಲ್ಲಿ ಕಾರಿನವನನ್ನೂ ಕರೆಸಿದ್ದರು. ರಾಜಿ ಮಾಡಿಕೊಳ್ಳಿ, ಖರ್ಚು ಕೊಡ್ತಾನೆ, ಯಾಕೆ ಕೇಸು ಗೀಸು ಅಂತ ಒಂದು ಗಂಟೆ ನಡೆಯಿತು. ನಿಜ ಹೇಳಬೇಕೆಂದರೆ ಅವನ ಮುಖ ನೋಡಿ ಪಾಪ ಅನ್ನಿಸಿತು, ಓಡಿಹೋದವನೂ ಅಲ್ಲ. ಆದರೆ ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿದ್ದೆ, ಇನ್ಶೂರೆನ್ಸ್ ಚಾಲ್ತಿಯಲ್ಲಿತ್ತು. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರುವುದೇ ಇದಕ್ಕೆ, ಅಲ್ವಾ? ಆಪರೇಷನ್ ಬೇಕಾದರೆ ಅವನು ಜೇಬಿನಿಂದ ಎಷ್ಟು ಅಂತ ಕೊಡುತ್ತಾನೆ? ಎಫ್‌ಐಆರ್ ಆಯಿತು. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281, ಮೂಳೆ ಮುರಿದಿದ್ದರಿಂದ ಗಂಭೀರ ಗಾಯದ ಲೆಕ್ಕದಲ್ಲಿ 125(ಬಿ). ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ. ಕೇಳಿ ತೆಗೆದುಕೊಂಡೇ ಎದ್ದೆ.

ಮರುದಿನ ಸ್ಥಳ ಮಹಜರು. ಟೇಪ್ ಹಿಡಿದು ಅಳೆದರು, ನಕ್ಷೆ ಬರೆದರು. ನನ್ನನ್ನು ರಸ್ತೆ ಮಧ್ಯದಲ್ಲಿ ತೋರಿಸಿದ್ದರು! ‘ನಾನು ಇದ್ದಿದ್ದು ಎಡ ಅಂಚಿನಲ್ಲಿ’ ಅಂತ ಹೇಳಿ ತಿದ್ದಿಸಿದೆ. ನೀವೂ ನಕ್ಷೆಯನ್ನು ಕಣ್ಣು ಬಿಟ್ಟು ನೋಡಿ. ಎಳನೀರಿನವನು ಮೊದಲು ಹಿಂಜರಿದ. ‘ಕೋರ್ಟಿಗೆ ಅಲೆಸ್ತಾರಾ ಸಾರ್?’ ಸಹಾಯ ಮಾಡಿದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ರಕ್ಷಣೆ ಕೊಡುತ್ತದೆ, ಬಲವಂತ ಮಾಡುವಂತಿಲ್ಲ ಅಂತ ಹೇಳಿದೆ. ಸ್ವಲ್ಪ ಯೋಚಿಸಿ ಹೇಳಿಕೆ ಕೊಟ್ಟ.

ಇನ್ನು ಪರಿಹಾರ. ಅದೇ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 166ರಲ್ಲಿ ಅರ್ಜಿ, ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ತಿದ್ದುಪಡಿಯ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು. ಆಮೇಲೆ ನೋಡೋಣ ಅಂತ ಕೂರಬೇಡಿ. ಆಸ್ಪತ್ರೆ ಬಾಗಿಲಲ್ಲೇ ಕಾರ್ಡ್ ಕೊಡುವ ವಕೀಲರ ಏಜೆಂಟರೂ ಸಿಗುತ್ತಾರೆ. ನಾನು ಪರಿಚಯದವರ ಮೂಲಕ ಹೋದೆ, ಫೀಸು ಎಷ್ಟು ಅಂತ ಮೊದಲೇ ಮಾತಾಡಿಕೊಂಡೆ. ಜಾಸ್ತಿ ಪೆಟ್ಟಾಗಿ ದಾಖಲಾಗಬೇಕಾದವರಿಗೆ ಇನ್ನೊಂದು ವಿಷಯ: 2025ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಇದೆ. ಗೊತ್ತುಪಡಿಸಿದ ಆಸ್ಪತ್ರೆಯಾಗಿರಬೇಕು, ಅಷ್ಟೇ.

ಸೈಕಲ್ ಕೂಡಲೇ ರಿಪೇರಿಗೆ ಕೊಡಬೇಡಿ. ಎಲ್ಲ ಕಡೆಯಿಂದ ಫೋಟೊ ತೆಗೆದು, ಅಂಗಡಿಯಿಂದ ಎಸ್ಟಿಮೇಟ್ ಬರೆಸಿಕೊಂಡ ಮೇಲೆ ಮುಟ್ಟಿಸಿ. ನನ್ನ ಮೆಕ್ಯಾನಿಕ್ ಮುಂದಿನ ಫೋರ್ಕಿನ ಮೇಲೆ ಉಗುರು ಎಳೆದು ಒಂದು ಕಡೆ ನಿಲ್ಲಿಸಿದ. ‘ಇಲ್ಲಿ ಮುಟ್ಟಿ ನೋಡಿ ಸಾರ್.’ ಕೂದಲಷ್ಟು ಸಣ್ಣ ಗೆರೆ. ಕಣ್ಣಿಗೆ ಕಾಣದ್ದು ಉಗುರಿಗೆ ಸಿಕ್ಕಿತು. ಹೆಲ್ಮೆಟ್‌ಗೆ ಹೊರಗೆ ಒಂದು ಗೀರು ಮಾತ್ರ, ಒಳಗಿನ ಥರ್ಮೊಕೋಲ್ ಪದರ ಸೀಳಿತ್ತು. ಒಂದು ಸಲ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಹಾಕಿಕೊಳ್ಳುವಂತಿಲ್ಲ. ಆದರೆ ಎಸೆಯಲೂ ಇಲ್ಲ, ಅದೂ ಸಾಕ್ಷಿ.

ಬಿಲ್ಲುಗಳದ್ದೇ ಒಂದು ಕಥೆ. ಔಷಧಿ, ಆಟೊ, ಫಿಸಿಯೊಥೆರಪಿ, ಎಲ್ಲ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದೆ. ನಾಲ್ಕು ತಿಂಗಳ ಮೇಲೆ ವಕೀಲರಿಗೆ ಕೊಡಲು ತೆಗೆದರೆ ಮೆಡಿಕಲ್ ಶಾಪಿನ ಬಿಲ್ಲುಗಳು ಬೆಳ್ಳಗೆ! ಆ ನುಣುಪು ಕಾಗದದ ಅಕ್ಷರ ಹಾಗೇ ಅಳಿಸಿಹೋಗುತ್ತದೆ. ಅಂಗಡಿಯವರು ಕಂಪ್ಯೂಟರ್‌ನಲ್ಲಿ ಹುಡುಕಿ ಮೂರನ್ನು ಮತ್ತೆ ತೆಗೆದುಕೊಟ್ಟರು, ಎರಡು ಸಿಗಲೇ ಇಲ್ಲ. ಈಗ ಬಿಲ್ಲು ಕೈಗೆ ಬಂದ ದಿನವೇ ಜೆರಾಕ್ಸ್ ಮಾಡಿಸುತ್ತೇನೆ, ಕೇಸು ಇನ್ನೂ ನಡೆಯುತ್ತಿದೆ.