ಅತ್ತಿಗೆಯ ಹಪ್ಪಳದ ಸೈಟಿಗೆ ಲೆಕ್ಕ ಇಟ್ಟ ಕಥೆ

ನಾನು ಶಿರಸಿಯಲ್ಲಿ ಡಿಟಿಪಿ ಮಾಡುವವನು. ಮದುವೆ ಕಾರ್ಡು, ಬಿಲ್ ಬುಕ್ಕು, ದೇವಸ್ಥಾನದ ಆಮಂತ್ರಣ, ಇಂಥವು. ಎಚ್‌ಟಿಎಂಎಲ್ ಬರುತ್ತದೆ. ಜಾವಾಸ್ಕ್ರಿಪ್ಟ್ ಓದಿದರೆ ಅರ್ಧ ಅರ್ಥವಾಗುತ್ತದೆ, ಇನ್ನರ್ಧಕ್ಕೆ ದೇವರೇ ಗತಿ. ಹೋದ ವರ್ಷ ಅತ್ತಿಗೆಯ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿಗೆ ಒಂದು ಸಣ್ಣ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಆಸ್ಟ್ರೋ ಅನ್ನುವ ಸೈಟ್ ಕಟ್ಟುವ ಸಲಕರಣೆಯಲ್ಲಿ ಕಟ್ಟಿದ್ದು. ಕಾರ್ಟು, ಪೇಮೆಂಟು ಏನೂ ಇಲ್ಲ. ಹೆಸರು, ಊರು, ಏನು ಬೇಕು ಅಂತ ತುಂಬಿ ಹಸಿರು ಲಿಂಕ್ ಒತ್ತಿದರೆ ವಾಟ್ಸಾಪ್ ತೆರೆಯುತ್ತದೆ, ಮೆಸೇಜ್ ಬರೆದೇ ಇರುತ್ತದೆ. ಕಳಿಸಿದರೆ ಆಯಿತು.

ಈ ಸಲ ಹಪ್ಪಳದ ಕೆಲಸ ಶುರುವಾಗುವ ಹೊತ್ತಿಗೆ ಅತ್ತಿಗೆ ಕೇಳಿದರು: "ತಮಾ, ಇದನ್ನ ಯಾರಾದ್ರೂ ನೋಡ್ತಾರಾ, ಇಲ್ಲಾ ನಾವೇ ನೋಡ್ಕೊಳ್ತಾ ಕೂತಿದೀವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸೈಟಿಗೆ ಬರುವವರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್ ಹಾಕಬೇಕು ಅಂತ ಗೊತ್ತಿತ್ತು, ಕೈ ಹಾಕುವ ಧೈರ್ಯ ಇರಲಿಲ್ಲ. ಆದರೆ ಸೈಟ್ ಕಟ್ಟುವಾಗ ಬಳಸಿದ್ದ ಕೋಡಿಂಗ್ ಏಜೆಂಟ್, ಅಂದರೆ ಹೇಳಿದಂತೆ ಕೋಡ್ ಬರೆಯುವ ಎಐ, ಕಂಪ್ಯೂಟರಿನಲ್ಲೇ ಇತ್ತು. ಟರ್ಮಿನಲ್‌ನಲ್ಲಿ ಓಡುವಂಥದ್ದು. ಸೈಟಿನ ಫೋಲ್ಡರ್ ಓದುತ್ತದೆ, ಫೈಲ್ ಬದಲಿಸುವ ಮುಂಚೆ ಕೇಳುತ್ತದೆ. ಕನ್ನಡದಲ್ಲಿ ಬರೆದರೂ ತಿಳಿದುಕೊಳ್ಳುತ್ತದೆ. ಒಂದು ರಾತ್ರಿ ಊಟ ಆದ ಮೇಲೆ ಕೂತು ಬರೆದೆ: "ಸೈಟಿಗೆ ಅನಾಲಿಟಿಕ್ಸ್ ಹಾಕಿಕೊಡು."

ಹಾಕಿಯೇಬಿಟ್ಟಿತು. ಐದು ನಿಮಿಷವೂ ಆಗಿರಲಿಕ್ಕಿಲ್ಲ. ನೋಡಿದರೆ ಹದಿನಾಲ್ಕು ಬಗೆಯ ಇವೆಂಟ್, ಅಂದರೆ ನೋಡುವವರು ಏನು ಮಾಡಿದರು ಅಂತ ಗೂಗಲ್‌ಗೆ ಹೋಗುವ ಲೆಕ್ಕ. ಪುಟ ಎಷ್ಟು ಸ್ಕ್ರೋಲ್ ಮಾಡಿದರು, ಫೋಟೋ ಮೇಲೆ ಮೌಸ್ ಎಷ್ಟು ಹೊತ್ತು ನಿಂತಿತು, ಹೀಗೆ. ಹಪ್ಪಳ ಮಾರುವ ಸೈಟಿಗೆ ಯಾಕಪ್ಪಾ ಇದೆಲ್ಲ? ಸಾಲದ್ದಕ್ಕೆ, ಗೂಗಲ್ ಕೊಡುವ ಐಡಿ ಇರಬೇಕಾದ ಜಾಗದಲ್ಲಿ "ಜಿ" ಅಂತ ಬರೆದು ಮುಂದೆ ಹತ್ತು ಎಕ್ಸ್ ಹೊಡೆದಿತ್ತು. ನಾನು ಐಡಿ ಕೊಟ್ಟೇ ಇರಲಿಲ್ಲ, ಅದು ಕೇಳಲೂ ಇಲ್ಲ. "ಎಲ್ಲಾ ಸಿದ್ಧವಾಗಿದೆ" ಅಂತ ಮಾತ್ರ ಹೇಳಿತು. ಶುರು ಮಾಡುವ ಮೊದಲು, ಹಳೇ ಪ್ರತಿ ಕಾಪಾಡುವ ಗಿಟ್‌ನಲ್ಲಿ ಕಮಿಟ್ ಮಾಡಿಟ್ಟಿದ್ದೆ, ಪುಣ್ಯ. ಒಂದೇ ಕಮಾಂಡಿಗೆ ಎಲ್ಲ ಹಿಂದಕ್ಕೆ ಹೋಯಿತು.

ಮಾರನೇ ದಿನ ಅತ್ತಿಗೆಯ ಜೊತೆ ಕೂತು, ನಮಗೆ ನಿಜವಾಗಿ ತಿಳಿಯಬೇಕಾದ್ದು ಏನು ಅಂತ ಒಂದು ಹಳೇ ಬಿಲ್ ಬುಕ್ಕಿನ ಹಿಂದೆ ಬರೆದುಕೊಂಡೆ. ಜನ ಎಲ್ಲಿಂದ ಬರುತ್ತಾರೆ. ಯಾವ ಪುಟ ನೋಡುತ್ತಾರೆ. ಎಷ್ಟು ಜನ ವಾಟ್ಸಾಪ್ ಲಿಂಕ್ ಒತ್ತುತ್ತಾರೆ. ಇಷ್ಟೇ. ಗೂಗಲ್‌ನಲ್ಲಿ ಖಾತೆ ತೆರೆದು ಪ್ರಾಪರ್ಟಿ, ಅಂದರೆ ನಮ್ಮ ಸೈಟಿನ ಲೆಕ್ಕದ ಪುಸ್ತಕ, ಮಾಡುವ ಕೆಲಸ ನನ್ನದೇ, ಏಜೆಂಟ್ ಅಲ್ಲಿಗೆ ಲಾಗಿನ್ ಆಗುವುದಿಲ್ಲ. ಅಲ್ಲಿ ಎರಡು ಕಡೆ ನೋಡಿಕೊಂಡೆ. ಒಂದು, ಟೈಮ್ ಝೋನ್ ಭಾರತದ್ದು ಇರಬೇಕು. ಅಮೆರಿಕದ್ದು ಉಳಿದುಬಿಟ್ಟರೆ ನಮ್ಮ ಬೆಳಗಿನ ಆರ್ಡರ್ ಅವರ ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತದೆ. ಆಮೇಲೆ ಬದಲಿಸಿದರೂ ಹಳೆಯದು ಸರಿಯಾಗುವುದಿಲ್ಲ. ಇನ್ನೊಂದು, ಡೇಟಾ ರಿಟೆನ್ಷನ್, ಅಂದರೆ ವಿವರಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು ಅನ್ನುವುದು. ಅದು 2 ತಿಂಗಳಿಗೆ ಇರುತ್ತದೆ, 14ಕ್ಕೆ ಏರಿಸಿದೆ. ನಮಗೆ ಬೇಕಾದ ಹಾಗೆ ಕೋಷ್ಟಕ ಮಾಡಿ ನೋಡುವ ಎಕ್ಸ್‌ಪ್ಲೊರೇಷನ್‌ನಲ್ಲಿ ಹೋದ ಸೀಸನ್ನು, ಈ ಸೀಸನ್ನು ಪಕ್ಕಪಕ್ಕ ಇಟ್ಟು ನೋಡಬೇಕಾದರೆ ಇದು ಬೇಕೇ ಬೇಕು. ಹಲಸಿನಕಾಯಿ ವರ್ಷಕ್ಕೊಮ್ಮೆ ತಾನೇ?

ಆಮೇಲೆ ಏಜೆಂಟಿಗೆ ನಿಜವಾದ ಐಡಿ ಕೊಟ್ಟು, ಮೂರು ಪ್ರಶ್ನೆ ಕೊಟ್ಟು, "ಇಷ್ಟಕ್ಕೆ ಎಷ್ಟು ಬೇಕೋ ಅಷ್ಟೇ ಮಾಡು. ಬರೆಯುವ ಮೊದಲು ಏನು ಮಾಡುತ್ತೀ ಅಂತ ಹೇಳು" ಅಂದೆ. ಈ ಸಲ ಎರಡು ಫೈಲು, ಒಂದೇ ಇವೆಂಟ್. ನನಗೂ ಓದಲು ಬರುವಷ್ಟು ಕೋಡ್. ಸೈಟನ್ನು ಮೇಲಕ್ಕೆ ಹಾಕಿದೆ.

ಎರಡು ದಿನ ಬಿಟ್ಟು ನೋಡಿದರೆ ನೋಟಗಳ ಸಂಖ್ಯೆ ಚೆನ್ನಾಗಿಯೇ ಇತ್ತು. ಜಾಸ್ತಿಯೇ ಚೆನ್ನಾಗಿತ್ತು. ಅನುಮಾನ ಬಂದು ಡೀಬಗ್ ಮೋಡ್ ಆನ್ ಮಾಡಿ, ನನ್ನ ಫೋನಿನಲ್ಲಿ ಸೈಟ್ ತೆರೆದು, ಕಂಪ್ಯೂಟರಿನಲ್ಲಿ ಇವೆಂಟುಗಳನ್ನು ಬಂದಂತೆ ತೋರಿಸುವ ಡೀಬಗ್‌ವ್ಯೂ ಇಟ್ಟುಕೊಂಡು ಕೂತೆ. ಮುಖಪುಟ ತೆರೆದೆ, ಪೇಜ್ ವ್ಯೂ, ಅಂದರೆ ಪುಟದ ನೋಟ, ಎರಡು. ಹಪ್ಪಳದ ಪುಟಕ್ಕೆ ಹೋದೆ, ಮತ್ತೆ ಎರಡು.

ಏಜೆಂಟ್‌ಗೆ ಹೇಳಿದರೆ ಕೋಡನ್ನು ಇನ್ನೊಮ್ಮೆ ಓದಿ ಸರಿಯಾಗಿಯೇ ಇದೆ ಅಂದಿತು. ಬ್ರೌಸರ್ ತೆರೆದು ಮೂರು ಪುಟ ಓಡಾಡಿ ಎಷ್ಟು ಪೇಜ್ ವ್ಯೂ ಹೋಗುತ್ತವೆ ಎಣಿಸು ಅಂದೆ. ಅದಕ್ಕೆ ಪ್ಲೇರೈಟ್ ಅಂತ ಒಂದು ಸಲಕರಣೆ ಇದೆ, ಅದರಲ್ಲಿ ತಾನೇ ಓಡಾಡಿ ಬಂತು. ಮೂರು ಪುಟ, ಆರು ನೋಟ. ಆಗ ಕಾರಣ ಸಿಕ್ಕಿತು. ನಮ್ಮ ಸೈಟಿನಲ್ಲಿ ಪುಟದಿಂದ ಪುಟಕ್ಕೆ ಹೋದಾಗ ಬ್ರೌಸರ್ ಪೂರ್ತಿ ಮರುಲೋಡ್ ಆಗುವುದಿಲ್ಲ, ಒಳಗಿನದಷ್ಟೇ ಬದಲಾಗುತ್ತದೆ. ಅದಕ್ಕೇ ಏಜೆಂಟ್ ಪ್ರತಿ ಪುಟಕ್ಕೂ ನೋಟವನ್ನು ತಾನೇ ಕಳಿಸುವ ಹಾಗೆ ಬರೆದಿತ್ತು. ಆದರೆ ಮೊದಲ ಪುಟದ್ದನ್ನು ಸೈಟಿನಲ್ಲಿ ಹಾಕಿದ ಗೂಗಲ್‌ನ ಕೋಡ್ ತುಣುಕು, ಅಂದರೆ ಗೂಗಲ್ ಟ್ಯಾಗ್, ತಾನೂ ಕಳಿಸುತ್ತದೆ. ಮುಂದಿನ ಪುಟಗಳದ್ದನ್ನು ಎನ್‌ಹಾನ್ಸ್‌ಡ್ ಮೆಷರ್‌ಮೆಂಟ್ ಕಳಿಸುತ್ತದೆ. ಈ ಎನ್‌ಹಾನ್ಸ್‌ಡ್ ಮೆಷರ್‌ಮೆಂಟ್ ಇರುವುದು ಗೂಗಲ್‌ನ ಅಡ್ಮಿನ್ ಪುಟದಲ್ಲಿ, ಒಂದು ಸ್ವಿಚ್ ಆಗಿ. ಏಜೆಂಟ್ ಓದುವ ಫೋಲ್ಡರಿನಲ್ಲಿ ಅದರ ಸುಳಿವೇ ಇಲ್ಲ. ಪಾಪ, ಅದರ ಪಾಲಿಗೆ ಕೋಡ್ ಸರಿಯಾಗಿಯೇ ಇತ್ತು. ಮೊದಲನೆಯದನ್ನು ಅದು ಕೋಡಿನಲ್ಲಿ ಆಫ್ ಮಾಡಿತು. ಎರಡನೆಯದನ್ನು, ಅಂದರೆ ಬ್ರೌಸರ್ ಹಿಸ್ಟರಿ ಬದಲಾದಾಗ ಎಣಿಸುವ ಟಿಕ್ಕನ್ನು, ನಾನು ತೆಗೆದೆ. ಮೂರು ಪುಟ, ಮೂರು ನೋಟ.

ಇಷ್ಟು ಸರಿಮಾಡಿ ಸುಮ್ನೆ ಇರಬಹುದಿತ್ತು. ಆರ್ಡರ್ ಲಿಂಕನ್ನೂ ಒಮ್ಮೆ ಒತ್ತಿ ನೋಡೋಣ ಅಂತ ಫಾರ್ಮಿನಲ್ಲಿ ನನ್ನ ಹೆಸರು, ಊರು, "ಹಪ್ಪಳ" ಅಂತ ತುಂಬಿ ಒತ್ತಿದೆ. ನಾವು ಹೇಳಿದ್ದ ಇವೆಂಟ್ ಬಂತು. ಅದರ ಪಕ್ಕದಲ್ಲಿ ಕ್ಲಿಕ್ ಅಂತ ಇನ್ನೊಂದು ಬಂದಿತ್ತು. ಅದನ್ನು ಬಿಡಿಸಿದರೆ ಲಿಂಕಿನ ವಿಳಾಸ, ಉದ್ದಕ್ಕೆ ಶೇಕಡಾ ಗುರುತು, ಇ, ಸೊನ್ನೆ, ಮತ್ತೆ ಶೇಕಡಾ ಗುರುತು, ಬಿ, ಎರಡು ಅಂತ ಸಾಲುಗಟ್ಟಿ ನಿಂತ ಕಸ. ಮುಚ್ಚುವವನಿದ್ದೆ.

ಆದರೆ ಡಿಟಿಪಿಯವನಿಗೆ ಅಕ್ಷರ ಒಡೆದದ್ದು ಕಂಡರೆ ಬಿಡಲಾಗುವುದಿಲ್ಲ. ಕನ್ನಡದ ಒಂದೊಂದು ಯುನಿಕೋಡ್ ಅಕ್ಷರ ವೆಬ್ ವಿಳಾಸದೊಳಗೆ ಹೋದರೆ ಒಂಬತ್ತು ಚಿಹ್ನೆ ಆಗುತ್ತದೆ. ಹಪ್ಪಳದಲ್ಲಿ ಹ, ಪ, ಹಲಂತದ ಗುರುತು, ಪ, ಳ ಸೇರಿ ಐದು. ಅಲ್ಲಿಗೆ ನಲವತ್ತೈದು ಚಿಹ್ನೆ. ಆ ಸಾಲನ್ನು ಏಜೆಂಟ್‌ಗೆ ಹಾಕಿ "ಇದನ್ನು ಕನ್ನಡಕ್ಕೆ ಬಿಡಿಸು" ಅಂದೆ. ಬಿಡಿಸಿತು. ನನ್ನ ಹೆಸರು.

ಎದೆ ಧಸಕ್ ಅಂತು. ವಾಟ್ಸಾಪ್ ಮೆಸೇಜ್ ಇರುವುದು ಲಿಂಕಿನೊಳಗೇ. ಹೊರಗಿನ ಲಿಂಕ್ ಯಾರಾದರೂ ಒತ್ತಿದರೆ ಅದರ ವಿಳಾಸವನ್ನು ದಾಖಲಿಸುವುದು ಅದೇ ಎನ್‌ಹಾನ್ಸ್‌ಡ್ ಮೆಷರ್‌ಮೆಂಟಿನ ಇನ್ನೊಂದು ಟಿಕ್ಕು. ಅಂದರೆ ಎರಡು ದಿನದಲ್ಲಿ ಲಿಂಕ್ ಒತ್ತಿದವರ ಹೆಸರು ಅನಾಲಿಟಿಕ್ಸ್‌ಗೆ ಹೋಗಿತ್ತು. ಇಂಥ ವೈಯಕ್ತಿಕ ಮಾಹಿತಿ ಕಳಿಸಬಾರದು ಅಂತ ಗೂಗಲ್‌ನ ನಿಯಮವೇ ಇದೆ. ನಿಯಮ ಹಾಗಿರಲಿ, ಹಪ್ಪಳ ಕೇಳಿದ ಆ ಜನಕ್ಕೆ ನಾನು ಏನು ಹೇಳುವುದು? ಸ್ವಿಚ್ ಓದದೆ ಬಿಟ್ಟವನು ನಾನೇ.

ಅವತ್ತೇ ಆ ಟಿಕ್ಕನ್ನೂ ತೆಗೆದೆ. ಡೇಟಾ ರಿಡ್ಯಾಕ್ಷನ್ ಅಂತ ಒಂದಿದೆ, ವಿಳಾಸದ ಯಾವ ಭಾಗವನ್ನು ಅಳಿಸಿ ಕಳಿಸಬೇಕು ಅಂತ ಅಲ್ಲಿ ಹೇಳಬಹುದು. ಮೆಸೇಜ್ ಇರುವ ಭಾಗದ ಹೆಸರನ್ನು ಅಲ್ಲಿ ಸೇರಿಸಿದೆ. ಆಗಲೇ ಹೋಗಿದ್ದಕ್ಕೆ ಡೇಟಾ ಡಿಲೀಷನ್ ರಿಕ್ವೆಸ್ಟ್ ಹಾಕಿದೆ. ಏಜೆಂಟ್ ಕಡೆಯಿಂದ ಲಿಂಕನ್ನು ಬಟನ್ ಮಾಡಿಸಿದೆ, ಒತ್ತಿದ ಮೇಲಷ್ಟೇ ವಿಳಾಸ ತಯಾರಾಗುತ್ತದೆ. ನಮ್ಮ ಇವೆಂಟಿನಲ್ಲಿ ಈಗ ಹೋಗುವುದು ಪದಾರ್ಥದ ಹೆಸರು ಮಾತ್ರ.

ಫೋಲ್ಡರಿನಲ್ಲಿ ಏಜೆಂಟ್ ಪ್ರತಿ ಸಲ ಮೊದಲು ಓದುವ ಒಂದು ಸೂಚನೆಯ ಫೈಲ್ ಇರುತ್ತದೆ. ಅದರಲ್ಲಿ ಗೂಗಲ್ ಅಡ್ಮಿನ್‌ನ ಯಾವ ಸ್ವಿಚ್ ಹೇಗಿದೆ ಅಂತ ಒಂದೊಂದಾಗಿ ಕನ್ನಡದಲ್ಲೇ ಬರೆದಿಟ್ಟೆ. ಕೊನೆಗೆ ಎರಡು ಸಾಲು: ಗ್ರಾಹಕರ ಹೆಸರು, ಊರು, ಫೋನ್ ಯಾವ ಇವೆಂಟಿಗೂ ಸೇರಬಾರದು. ಅಡ್ಮಿನ್‌ನಲ್ಲಿ ನಾನು ಮಾಡಬೇಕಾದ್ದು ಇದ್ದರೆ ಮೊದಲೇ ಹೇಳು.

ಇನ್ನೊಂದು ಮರೆತಿದ್ದೆ. ಅತ್ತಿಗೆ ದಿನಕ್ಕೆ ಹತ್ತು ಸಲ ಸೈಟ್ ತೆರೆದು ನೋಡುತ್ತಿದ್ದರು. ಅಣ್ಣನೂ ಹಾಗೇ. ಐಪಿ, ಅಂದರೆ ಇಂಟರ್ನೆಟ್ಟಿನಲ್ಲಿ ಸಂಪರ್ಕದ ವಿಳಾಸ, ನೋಡಿ ಹೊರಗಿಡುವ ಫಿಲ್ಟರ್ ಇದೆ, ಆದರೆ ಮೊಬೈಲ್ ಡೇಟಾದಲ್ಲಿ ಐಪಿ ನಿಂತಲ್ಲಿ ನಿಲ್ಲುವುದಿಲ್ಲ. ಏಜೆಂಟ್ ಒಂದು ಉಪಾಯ ಹೇಳಿತು. ಒಂದು ವಿಶೇಷ ವಿಳಾಸವನ್ನು ಫೋನಿನಲ್ಲಿ ಒಮ್ಮೆ ತೆರೆದರೆ ಆ ಬ್ರೌಸರಿನಲ್ಲಿ ಗುರುತು ಉಳಿಯುತ್ತದೆ, ಆಮೇಲೆ ಅಲ್ಲಿ ಟ್ಯಾಗ್ ಲೋಡೇ ಆಗುವುದಿಲ್ಲ. ಮನೆಯ ನಾಲ್ಕೂ ಫೋನಿಗೆ ಮಾಡಿದೆ. ಮಾರನೇ ದಿನದ ಗ್ರಾಫ್ ನೋಡಿ ಅತ್ತಿಗೆಗೆ ಬೇಜಾರಾಯಿತು. "ನಾನೇ ಇಷ್ಟು ಜನ ಆಗಿದ್ನಾ?"

ತಿಂಗಳು ಕಳೆದ ಮೇಲೆ ಬಿಲ್ ಬುಕ್ಕಿನ ಹಿಂದಿನ ಪ್ರಶ್ನೆಗಳಿಗೆ ಉತ್ತರ ಬರತೊಡಗಿತು. ಹೊರಗಿನವರು ಬರುತ್ತಿದ್ದುದು ಹೆಚ್ಚಾಗಿ ಗೂಗಲ್ ಹುಡುಕಾಟದಿಂದ. ಅವರು ನೋಡುತ್ತಿದ್ದುದು ಹಲಸಿನ ಹಪ್ಪಳ ಮಾಡುವ ವಿಧಾನದ ಪುಟ. ಬೆಲೆಯ ಪುಟದ ಕಡೆ ತಲೆ ಹಾಕುವವರು ಕಡಿಮೆ. ಅತ್ತಿಗೆ ಜೋರಾಗಿ ನಕ್ಕರು: "ಕೊಳ್ಳೋಕಲ್ಲ, ಕಲಿಯೋಕೆ ಬರ್ತಾರೆ!" ಸ್ವಲ್ಪ ಹೊತ್ತು ಬಿಟ್ಟು, "ಆ ಪುಟದ ಕೆಳಗೆ ಬರಿ. ಕಾಯಿ ಬೇಯಿಸಿ, ಬೀಸಿ, ಒತ್ತಿ, ಒಣಗಿಸೋಕೆ ಪುರುಸೊತ್ತಿಲ್ಲದಿದ್ರೆ ನಮ್ಮನ್ನ ಕೇಳಿ ಅಂತ."

ಬರೆದು, ಕೆಳಗೆ ಒಂದು ಬಟನ್ ಇಟ್ಟೆ. ಯಾವ ಪುಟದ ಬಟನ್ ಒತ್ತಿದರು ಅಂತಲೂ ತಿಳಿಯಬೇಕು ಅಂತ ಏಜೆಂಟ್‌ಗೆ ಹೇಳಿದೆ. ಕೋಡ್ ಬರೆಯುವ ಮುಂಚೆ ಈ ಸಲ ಅದೇ ಹೇಳಿತು: ಇದನ್ನು ಅಡ್ಮಿನ್‌ನಲ್ಲಿ ಕಸ್ಟಮ್ ಡೈಮೆನ್ಷನ್ ಆಗಿ, ಅಂದರೆ ನಮ್ಮದೇ ಹೊಸ ಕಲಮಾಗಿ, ನೀವು ಸೇರಿಸದಿದ್ದರೆ ರಿಪೋರ್ಟಿನಲ್ಲಿ ಕಾಣುವುದಿಲ್ಲ.