ಅರಮನೆಯ ದೀಪ, ಸಂಜೆಯ ನೀಲಿ: ಲೇಯರ್ ಮಾಸ್ಕ್‌ನಲ್ಲಿ ಎರಡನ್ನೂ ಸೇರಿಸುವುದು ಹೇಗೆ?

ಮೈಸೂರು ಅರಮನೆಗೆ ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ ಏಳರ ಹೊತ್ತಿಗೆ ದೀಪ ಹತ್ತುತ್ತದೆ. ಸುಮಾರು ಒಂದು ಲಕ್ಷ ಬಲ್ಬು ಒಂದೇ ಸಲಕ್ಕೆ ಬೆಳಗಿದಾಗ ಅಂಗಳದಲ್ಲಿದ್ದವರೆಲ್ಲರ ಮೊಬೈಲೂ ಮೇಲೇಳುತ್ತದೆ. ಮನೆಗೆ ಬಂದು ನೋಡಿದರೆ ಚಿತ್ರದಲ್ಲಿ ಬಲ್ಬಿನ ಸಾಲಷ್ಟೇ ಇರುತ್ತದೆ. ಆಕಾಶ ಮಸಿ ಬಳಿದ ಹಾಗೆ ಕಪ್ಪು. ಕಮಾನುಗಳ ಕೆತ್ತನೆಯೂ ಆ ಕಪ್ಪಿನಲ್ಲೇ ಮುಳುಗಿರುತ್ತದೆ.

ಇದಕ್ಕೆ ಕಾರಣ ಗಡಿಯಾರ. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದೇ 6.45 ದಾಟಿದ ಮೇಲೆ, ಹಾಗಾಗಿ ಏಳಕ್ಕೆ ಆಕಾಶದಲ್ಲಿ ಇನ್ನೂ ಬೆಳಕು ಉಳಿದಿರುತ್ತದೆ. ದಸರೆಯಿಂದ ಡಿಸೆಂಬರ್‌ವರೆಗೆ ಸೂರ್ಯಾಸ್ತ ಆರರ ಆಸುಪಾಸು. ಆಮೇಲಿನ ಇಪ್ಪತ್ತು, ಇಪ್ಪತ್ತೈದು ನಿಮಿಷ ಆಕಾಶಕ್ಕೆ ಬರುವ ಆ ಗಾಢ ನೀಲಿ, ದೀಪ ಹತ್ತುವ ಹೊತ್ತಿಗೆ ಹೋಗಿಬಿಟ್ಟಿರುತ್ತದೆ. ಎರಡೂ ಒಂದೇ ಚಿತ್ರದಲ್ಲಿ ಬೇಕೆಂದರೆ ಒಂದೇ ಜಾಗದಿಂದ ಎರಡು ಚಿತ್ರ ತೆಗೆದು ಬೆಸೆಯಬೇಕು. ಫೋಟೊ ತಿದ್ದುವ ತಂತ್ರಾಂಶದಲ್ಲಿ ಹಾಗೆ ಬೆಸೆಯುವ ಸಾಧನವೇ ಲೇಯರ್ ಮಾಸ್ಕ್.

ಮಾಸ್ಕ್ ಎಂದರೇನು?

ಫಿಲ್ಮ್ ಕಾಲದ ಸ್ಟುಡಿಯೊಗಳಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಹಾಕುವಾಗ ಮುಖ ತೀರಾ ಕಪ್ಪಾಗದಿರಲಿ ಎಂದು ರಟ್ಟಿನ ತುಂಡನ್ನು ಕಡ್ಡಿಗೆ ಸಿಕ್ಕಿಸಿ, ಬೆಳಕಿಗೆ ಅಡ್ಡ ಹಿಡಿದು ಅಲ್ಲಾಡಿಸುತ್ತಿದ್ದರು. ನೆಗೆಟಿವ್‌ಗೆ ಗೀರೂ ಬೀಳುತ್ತಿರಲಿಲ್ಲ. ಲೇಯರ್ ಮಾಸ್ಕ್ ಕೂಡ ಹಾಗೆಯೇ ಅಡ್ಡ ಹಿಡಿದ ರಟ್ಟು. ಒಂದರ ಮೇಲೊಂದು ಇಟ್ಟ ಚಿತ್ರಗಳಲ್ಲಿ ಒಂದೊಂದೂ ಒಂದು ಲೇಯರ್, ಅಂದರೆ ಪದರ. ಮೇಲಿನ ಪದರಕ್ಕೆ ಅಂಟಿಕೊಂಡ ಒಂದು ಕಪ್ಪು-ಬಿಳುಪು ಚಿತ್ರ ಈ ಮಾಸ್ಕ್. ಅದರಲ್ಲಿ ಬಿಳಿ ಇದ್ದ ಕಡೆ ಮೇಲಿನ ಪದರ ಕಾಣುತ್ತದೆ, ಕಪ್ಪು ಇದ್ದ ಕಡೆ ಮರೆಯಾಗಿ ಕೆಳಗಿನದು ಕಾಣುತ್ತದೆ, ಬೂದು ಇದ್ದಲ್ಲಿ ಎರಡೂ ಬೆರೆಯುತ್ತವೆ. ಮಾಸ್ಕ್‌ನಲ್ಲಿ 0 ಎಂದರೆ ಪೂರ್ತಿ ಕಪ್ಪು, 255 ಪೂರ್ತಿ ಬಿಳಿ. ನಡುವಿನ 128 ಹೆಚ್ಚುಕಡಿಮೆ ಅರ್ಧಕ್ಕರ್ಧ.

ಇರೇಸರ್ ಸಾಲದೇ ಎಂದು ಕೇಳುವವರಿದ್ದಾರೆ. ಹಿಂದೆ ನಾನೂ ಆಕಾಶವನ್ನು ಇರೇಸರ್‌ನಲ್ಲೇ ಅಳಿಸುತ್ತಿದ್ದೆ. ಒಂದು ದಸರೆಯ ಚಿತ್ರದಲ್ಲಿ ಆಕಾಶದ ಜೊತೆ ಕಳಶದ ತುದಿಯೂ ಅಳಿಸಿಹೋಗಿತ್ತು. ನೋಡದೆ ಅದೇ ಫೈಲಿನ ಮೇಲೆ ಸೇವ್ ಮಾಡಿದ್ದೆ. ಆ ಚಿತ್ರ ಮತ್ತೆ ಸಿಗಲಿಲ್ಲ. ಮಾಸ್ಕ್‌ನಲ್ಲಿ ಮರೆಯಾದದ್ದು ಎಲ್ಲೂ ಹೋಗಿರುವುದಿಲ್ಲ, ಬಿಳಿ ಬಣ್ಣ ಬಳಿದರೆ ವಾಪಸ್ ಬರುತ್ತದೆ.

ಚಿತ್ರ ತೆಗೆಯುವಾಗ

ಟ್ರೈಪಾಡ್ ಬೇಕೇ ಬೇಕು. ಎರಡು ಚಿತ್ರಗಳ ನಡುವೆ ಅರ್ಧ ಗಂಟೆಗೂ ಹೆಚ್ಚು ಅಂತರ ಇರುತ್ತದೆ, ಅಷ್ಟು ಹೊತ್ತು ಕ್ಯಾಮೆರಾ ಕದಲಬಾರದು. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100ಕ್ಕೆ ಇಳಿಸಿ, ಫೋಕಸ್ ಮತ್ತು ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆಯ ಹೊಂದಾಣಿಕೆ) ಎರಡನ್ನೂ ಆಟೊದಿಂದ ತೆಗೆದುಬಿಡಿ. ನೀಲಿ ಗಾಢವಾದಾಗ ಮೊದಲ ಚಿತ್ರ. ದೀಪ ಹತ್ತಿದ ಮೇಲೆ ಎರಡನೆಯದು. ಇದರಲ್ಲಿ ಬಲ್ಬುಗಳು ಬಿಳಿ ಮುದ್ದೆಯಾಗದಂತೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಸ್ವಲ್ಪ ಕಡಿಮೆಯೇ ಇರಲಿ. ಶಟರ್ ಗುಂಡಿಯನ್ನು ಕೈಯಲ್ಲಿ ಒತ್ತದೆ ಎರಡು ಸೆಕೆಂಡಿನ ಟೈಮರ್ ಇಟ್ಟರೆ ಅಲುಗಾಟ ಇರುವುದಿಲ್ಲ.

ಎರಡನ್ನೂ ಜೋಡಿಸುವುದು

ಇಲ್ಲಿ ಹೇಳುತ್ತಿರುವುದು ಜಿಂಪ್ ತಂತ್ರಾಂಶದ ಕ್ರಮ, ಅದು ಉಚಿತ. ಫೋಟೋಶಾಪ್‌ನಲ್ಲೂ ತತ್ವ ಒಂದೇ. 'ಫೈಲ್' ಮೆನುವಿನ 'ಓಪನ್ ಆ್ಯಸ್ ಲೇಯರ್ಸ್' ಒತ್ತಿ ಎರಡೂ ಚಿತ್ರಗಳನ್ನು ಒಟ್ಟಿಗೆ ತೆರೆಯಿರಿ. ದೀಪದ ಚಿತ್ರ ಮೇಲೆ, ನೀಲಿ ಆಕಾಶದ್ದು ಕೆಳಗೆ.

ಮೇಲಿನ ಪದರದ 'ಮೋಡ್', ಅಂದರೆ ಅದು ಕೆಳಗಿನದರ ಜೊತೆ ಬೆರೆಯುವ ರೀತಿಯನ್ನು, 'ಡಿಫರೆನ್ಸ್'ಗೆ ಬದಲಿಸಿ ನೋಡಿ. ಗೋಡೆ, ಕಂಬಗಳ ಅಂಚಿನಲ್ಲಿ ಜೋಡಿ ಗೆರೆ ಕಂಡರೆ ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ ಎಂದರ್ಥ. ಮೂವ್ ಟೂಲ್ ಹಿಡಿದು ಬಾಣದ ಕೀಲಿಗಳಿಂದ ಸ್ವಲ್ಪ ಸ್ವಲ್ಪವೇ ಸರಿಸಿ, 'ಮೋಡ್' ಅನ್ನು ಮತ್ತೆ 'ನಾರ್ಮಲ್' ಮಾಡಿ.

ಈಗ ಮೇಲಿನ ಪದರದ ಮೇಲೆ ಬಲ ಕ್ಲಿಕ್ ಮಾಡಿ 'ಆ್ಯಡ್ ಲೇಯರ್ ಮಾಸ್ಕ್' ಆರಿಸಿ. ಬಿಳಿ ಬೇಕೋ ಕಪ್ಪು ಬೇಕೋ ಎಂದು ಕೇಳುತ್ತದೆ. ಬಿಳಿ ಆರಿಸಿದರೆ ಚಿತ್ರದಲ್ಲಿ ಏನೂ ಬದಲಾಗುವುದಿಲ್ಲ, ಗಾಬರಿ ಬೇಡ. ಪದರದ ಪುಟ್ಟ ಚಿತ್ರದ ಪಕ್ಕ ಒಂದು ಬಿಳಿ ಚೌಕ ಬಂದಿರುತ್ತದೆ. ಆ ಚೌಕವನ್ನು ಕ್ಲಿಕ್ ಮಾಡಿಯೇ ಬ್ರಷ್ ಹಿಡಿಯಬೇಕು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ: ಚೌಕದ ಬದಲು ಚಿತ್ರವೇ ಆಯ್ಕೆಯಾಗಿದ್ದು, ಬಳಿದ ಕಪ್ಪು ನೇರವಾಗಿ ಅರಮನೆಯ ಮೇಲೆ ಬೀಳುತ್ತದೆ. ಹಾಗಾದರೆ ಕಂಟ್ರೋಲ್-ಝಡ್ ಒತ್ತಿ, ಚೌಕ ಆರಿಸಿ, ಮತ್ತೆ ಶುರು ಮಾಡಿ.

ದೊಡ್ಡ, ಮೆತ್ತನೆ ಅಂಚಿನ ಬ್ರಷ್ ಹಿಡಿದು ಆಕಾಶಕ್ಕೆ ಕಪ್ಪು ಬಳಿಯಿರಿ. ಕೆಳಗಿನ ನೀಲಿ ಮೇಲೆದ್ದು ಬರುತ್ತದೆ. ಕಟ್ಟಡದಿಂದ ಬೆರಳಗಲ ದೂರದಲ್ಲಿ ನಿಲ್ಲಿಸಿ.

ಅಂಚಿನ ಕೆಲಸ

ಸಮಯ ಹಿಡಿಯುವುದೂ ಸುಖ ಕೊಡುವುದೂ ಈ ಭಾಗವೇ. 1912ರಲ್ಲಿ ಪೂರ್ಣಗೊಂಡ ಈ ಅರಮನೆಗೆ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಕೊಟ್ಟ ರೂಪವೇ ಹಾಗಿದೆ: ಗುಮ್ಮಟದ ಪಕ್ಕ ಗುಮ್ಮಟ, ಅದರ ಮೇಲೆ ಕಳಶ, ನಡುನಡುವೆ ಸಣ್ಣ ಗೋಪುರ. ನೆಟ್ಟಗಿನ ಗೆರೆ ಎಲ್ಲೂ ಇಲ್ಲ. ಬ್ರಷ್‌ನಲ್ಲೇ ಅಂಚು ಬಿಡಿಸುತ್ತ ಕೂತರೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಯಾಕೆಂದರೆ ಬಲ್ಬಿನ ಸುತ್ತ ಒಂದು ಹೊಂಬೆಳಕಿನ ಪ್ರಭೆ ಇರುತ್ತದೆ, ಬ್ರಷ್ ಅದನ್ನೂ ಕತ್ತರಿಸಿಬಿಡುತ್ತದೆ.

ಇದಕ್ಕೆ ನಾನು ಬಳಸುವ ದಾರಿ ಬೇರೆ. ದೀಪದ ಚಿತ್ರದಲ್ಲಿ ಬಲ್ಬು ಬೆಳ್ಳಗೆ, ಆಕಾಶ ಕಪ್ಪಗೆ ಇದ್ದೇ ಇದೆ. ಅಂದರೆ ಬೇಕಾದ ಮಾಸ್ಕ್ ಆ ಚಿತ್ರದೊಳಗೇ ಇದೆ! ಬಳಿದ ಮಾಸ್ಕ್ ತೆಗೆದುಹಾಕಿ, ಹೊಸದನ್ನು ಸೇರಿಸುವಾಗ ಬಿಳಿಯ ಬದಲು 'ಗ್ರೇಸ್ಕೇಲ್ ಕಾಪಿ ಆಫ್ ಲೇಯರ್' ಆರಿಸಿ. ಪ್ರಭೆ ತನ್ನಷ್ಟಕ್ಕೆ ಬೂದಾಗಿ ಮಾಸ್ಕ್‌ಗೆ ಇಳಿಯುತ್ತದೆ, ಬಲ್ಬಿನಿಂದ ನೀಲಿಗೆ ನಯವಾಗಿ ಕರಗುತ್ತದೆ. ಬಲ್ಬುಗಳ ನಡುವಿನ ಗೋಡೆಯೂ ಬೂದಾಗುವುದರಿಂದ ಸಂಜೆ ಬೆಳಕಿನಲ್ಲಿ ತೆಗೆದ ಕೆತ್ತನೆ ಅಲ್ಲಿ ಮೆಲ್ಲಗೆ ಇಣುಕುತ್ತದೆ. ಕಪ್ಪಿನಲ್ಲಿ ಕಳೆದುಹೋಗಿದ್ದ ಕಮಾನುಗಳು ಮರಳಿ ಬರುವುದನ್ನು ಒಮ್ಮೆ ನೋಡಬೇಕು.

ಆಕಾಶದಲ್ಲಿ ಇನ್ನೂ ಕೊಳೆ ಕಂಡರೆ, ಚೌಕ ಆಯ್ಕೆಯಾಗಿರುವಾಗಲೇ 'ಕಲರ್ಸ್' ಮೆನುವಿನ 'ಲೆವೆಲ್ಸ್' ತೆರೆಯಿರಿ. ಎಡದ ಕಪ್ಪು ಹಿಡಿಕೆಯನ್ನು ಸ್ವಲ್ಪ ಬಲಕ್ಕೆ ಎಳೆದರೆ ಆಕಾಶ ಪೂರ್ತಿ ಕಪ್ಪಾಗುತ್ತದೆ. ಬಿಳಿ ಹಿಡಿಕೆಯನ್ನು ಎಡಕ್ಕೆ ತಂದಷ್ಟೂ ದೀಪ ಉಜ್ವಲ. ಅತಿಯಾಗಿ ಎಳೆದರೆ ಪ್ರಭೆ ಸಾಯುತ್ತದೆ, ಜೋಕೆ.

ಅಂಗಳದ ಜನ ಎರಡು ಚಿತ್ರಗಳಲ್ಲಿ ಬೇರೆ ಬೇರೆ ಕಡೆ ನಿಂತಿರುತ್ತಾರೆ. ಬೂದು ಇದ್ದಲ್ಲಿ ಅವರು ನೆರಳಿನ ಹಾಗೆ ಜೋಡಿಯಾಗಿ ಕಾಣುತ್ತಾರೆ. ಆ ಭಾಗಕ್ಕೆ ಬ್ರಷ್‌ನಲ್ಲಿ ಪೂರ್ತಿ ಬಿಳಿ ಬಳಿದು ದೀಪದ ಚಿತ್ರವನ್ನೇ ಉಳಿಸಿಕೊಳ್ಳಿ.

ಕೊನೆಗೆ ಆಲ್ಟ್ ಕೀಲಿ ಒತ್ತಿಹಿಡಿದು ಚೌಕ ಕ್ಲಿಕ್ ಮಾಡಿದರೆ ಮಾಸ್ಕ್ ಮಾತ್ರ ಪರದೆ ತುಂಬ ಕಾಣುತ್ತದೆ. ಕಪ್ಪಿನ ನಡುವೆ ಉಳಿದ ಬಿಳಿ ಚುಕ್ಕೆಗಳು ಆಗ ಸಿಕ್ಕಿಬೀಳುತ್ತವೆ. ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿದರೆ ಮಾಸ್ಕ್ ತಾತ್ಕಾಲಿಕವಾಗಿ ಸುಮ್ಮನಾಗುತ್ತದೆ, ಮೊದಲಿನದಕ್ಕೆ ಹೋಲಿಸಿ ನೋಡಬಹುದು.

ಒಂದು ಮಾತು. ಆಕಾಶ ಅದೇ ಸಂಜೆಯದೇ ಆಗಿರಲಿ, ಬೇರೆ ಊರಿನ ಮೋಡ ತಂದು ಹಾಕಬೇಡಿ. ಹಂಚಿಕೊಳ್ಳುವಾಗ 'ಎರಡು ಚಿತ್ರ ಸೇರಿಸಿದ್ದು' ಎಂದು ಬರೆಯಿರಿ. ಸುದ್ದಿಚಿತ್ರಕ್ಕಂತೂ ಈ ವಿಧಾನ ಸಲ್ಲದು.

ಸೇವ್ ಮಾಡುವಾಗ ಪದರ, ಮಾಸ್ಕ್ ಎಲ್ಲವನ್ನೂ ಉಳಿಸುವ ಜಿಂಪ್‌ನ ಎಕ್ಸ್‌ಸಿಎಫ್ ಫೈಲ್ ಒಂದನ್ನು ಇಟ್ಟುಕೊಂಡೇ ಜೆಪೆಗ್‌ಗೆ ಎಕ್ಸ್‌ಪೋರ್ಟ್ ಮಾಡಿ, ಜೆಪೆಗ್‌ನಲ್ಲಿ ಪದರವಾಗಲಿ ಮಾಸ್ಕ್ ಆಗಲಿ ಉಳಿಯುವುದಿಲ್ಲ. ಈಚೆಗೆ ನಾನು ಹಾಕಿಸಿದ ಪ್ರಿಂಟ್‌ನಲ್ಲಿ ನಡುಗುಮ್ಮಟದ ಎಡಕ್ಕೆ ಒಂದು ಕಪ್ಪು ಅಂಚು ಕಂಡಿತು, ಪರದೆಯ ಮೇಲೆ ಅದು ಗೊತ್ತೇ ಆಗಿರಲಿಲ್ಲ. ಎಕ್ಸ್‌ಸಿಎಫ್ ತೆರೆದು, ಬ್ರಷ್‌ನ ಒಪಾಸಿಟಿ (ಬಣ್ಣ ಬೀಳುವ ಗಾಢತೆ) 30ಕ್ಕೆ ಇಳಿಸಿ, ಅಲ್ಲಿ ಎರಡು ಸಲ ಕಪ್ಪು ಸವರಿದೆ. ಎರಡನೆಯ ಪ್ರಿಂಟ್‌ನಲ್ಲಿ ಆ ಅಂಚು ಇರಲಿಲ್ಲ.